ದೊರೆ ಮತ್ತು ನೀರುಗಂಟಿ

ಬ್ಯಾಡರಹಳ್ಳಿಗೆ ಕಾಗದ ಹಾಕುವವರು ವಿಳಾಸದ ಕೊನೆಗೆ ‘ವಿಶ್ವನೀಡಂ ಅಂಚೆ, ಮಾಗಡಿ ರಸ್ತೆ’ ಎಂದು ಸೇರಿಸುವುದು ವಾಡಿಕೆ. ಆ ಒಂದು ವಿಳಾಸದಲ್ಲಿ ಎರಡು ಲೋಕಗಳಿವೆ. ಊರಿನ ಹೆಸರು ಬಿಡಿಸಿದರೆ ಬೇಡರ ಹಳ್ಳಿ: ಕಾಡು, ಬಿಲ್ಲು, ಬೇಟೆ. ಅಂಚೆಯ ಹೆಸರು ಬಿಡಿಸಿದರೆ ಜಗತ್ತೆಲ್ಲ ಒಂದೇ ಗೂಡು. ಅದು ವಿನೋಬಾ ಭಾವೆಯವರ ಸರ್ವೋದಯದ ಆಶ್ರಮ ಈ ರಸ್ತೆಗೆ ಬಿಟ್ಟುಹೋದ ಹೆಸರು. ಭೂಮಿ ದೇವರದು, ಗಾಳಿ ನೀರಿನಂತೆ ಅದಕ್ಕೂ ಒಡೆಯರಿಲ್ಲ ಎಂದು ಊರೂರು ನಡೆದು ಭೂದಾನ ಕೇಳಿದ ಮನುಷ್ಯನ ಹೆಸರಿನ ಜೊತೆ ಸೇರಿಕೊಂಡ ಆ ಅಂಚೆ ಇವತ್ತು ಹಂಚುವುದು ಬಹುಪಾಲು ಸೈಟು, ಸಾಲ, ತೆರಿಗೆಯ ಕಾಗದಗಳನ್ನು.

ಈ ಪಶ್ಚಿಮ ಬೆಂಗಳೂರಿನಲ್ಲಿ ಭಾನುವಾರ ಬೆಳಿಗ್ಗೆ ಕನ್ನಡ ಸತ್ಯವೇದ ತೆರೆಯುವ ಮನೆಗಳೂ ಇವೆ. ಆದಿಕಾಂಡದ ಮೊದಲ ಅಧ್ಯಾಯದಲ್ಲಿ, 28ನೇ ವಚನದಲ್ಲಿ, ದೇವರು ಆಗಷ್ಟೇ ಉಂಟುಮಾಡಿದ ಗಂಡು ಹೆಣ್ಣುಗಳನ್ನು ಹರಸಿ ಭೂಮಿಯನ್ನು ವಶಮಾಡಿಕೊಳ್ಳಲು ಹೇಳುತ್ತಾನೆ. ಮೀನು, ಹಕ್ಕಿ, ನೆಲದ ಮೇಲೆ ಚಲಿಸುವ ಜೀವಿಗಳ ಮೇಲೆ ಮನುಷ್ಯ ಮಾಡಬೇಕಾದದ್ದಕ್ಕೆ ಹಳೆಯ ಕನ್ನಡ ಅನುವಾದ ಆರಿಸಿಕೊಂಡ ಪದ ‘ದೊರೆತನ’. ಈ ಒಂದು ಪದದ ಹಿಂದಿರುವ ಹೀಬ್ರೂ ಕ್ರಿಯಾಪದದ ಅರ್ಥಕ್ಕಾಗಿ ಕ್ರೈಸ್ತ ಜಗತ್ತು ಅರ್ಧ ಶತಮಾನಕ್ಕೂ ಮಿಕ್ಕಿ ಜಗಳವಾಡುತ್ತಿದೆ. ಜಗಳದ ಒಂದು ಮುಖ್ಯ ಅಂಗಳ ಬೆಂಗಳೂರೇ ಆಗಿತ್ತೆಂಬುದು ಬೆಂಗಳೂರಿಗರಿಗೇ ಅಷ್ಟಾಗಿ ಗೊತ್ತಿಲ್ಲ.

ಆರೋಪಪಟ್ಟಿ

ಕಿಡಿ ಹೊತ್ತಿಸಿದವರು ಪಾದ್ರಿಯಲ್ಲ, ಇತಿಹಾಸಕಾರ. 1967ರ ಮಾರ್ಚ್‌ನಲ್ಲಿ ಅಮೆರಿಕದ ಲಿನ್ ವೈಟ್ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಪುಟ್ಟ ಪ್ರಬಂಧ ಬರೆದರು. ಹೊಗೆ ಕಾರುವ ಕಾರ್ಖಾನೆ, ಸತ್ತ ನದಿ ಇವುಗಳ ಬೇರು ಹುಡುಕುತ್ತ ಅವರು ಮಧ್ಯಯುಗದ ಯುರೋಪಿಗೆ, ಅಲ್ಲಿಂದ ಆದಿಕಾಂಡಕ್ಕೆ ಹೋದರು. ಮರದಲ್ಲಿ, ತೊರೆಯಲ್ಲಿ, ಗುಡ್ಡದಲ್ಲಿ ದೈವಗಳನ್ನು ಕಾಣುತ್ತಿದ್ದ ಹಳೆಯ ನಂಬಿಕೆಗಳನ್ನು ಪಾಶ್ಚಾತ್ಯ ಕ್ರೈಸ್ತಧರ್ಮ ಅಳಿಸಿತು, ಎಲ್ಲವೂ ಮನುಷ್ಯನ ಬಳಕೆಗೇ ಇದೆ ಎಂಬ ಧೈರ್ಯ ಕೊಟ್ಟಿತು ಎಂಬುದು ಅವರ ವಾದ. ಮರ ಕಡಿಯುವ ಮೊದಲು ಬನದ ದೈವದ ಅಪ್ಪಣೆ ಕೇಳುವ ತುಳುನಾಡಿನವರಿಗೆ, ದೇವರಕಾಡು ಬಿಟ್ಟುಕೊಂಡ ಕೊಡಗಿನವರಿಗೆ ಈ ಮಾತು ಒಡನೆ ಅರ್ಥವಾಗುತ್ತದೆ.

ವೈಟ್ ಸ್ವತಃ ಕ್ರೈಸ್ತ. ಆದ್ದರಿಂದ ಆರೋಪ ಹೊರಿಸಿ ಎದ್ದುಹೋಗಲಿಲ್ಲ. ಹಕ್ಕಿಗಳಿಗೆ ಉಪದೇಶ ಮಾಡಿದ ಅಸ್ಸೀಸಿಯ ಸಂತ ಫ್ರಾನ್ಸಿಸ್‌ರನ್ನು ಪರಿಸರದವರ ಪಾಲಕ ಸಂತನನ್ನಾಗಿ ಮಾಡಿ ಎಂದರು. ಹನ್ನೆರಡು ವರ್ಷದ ನಂತರ, 1979ರಲ್ಲಿ, ಪೋಪ್ ಎರಡನೇ ಜಾನ್ ಪಾಲ್ ಅದನ್ನೇ ಮಾಡಿದರು. ಆರೋಪ ಮಾತ್ರ ಉಳಿಯಿತು. ದೇವಶಾಸ್ತ್ರಜ್ಞರು ಹೀಬ್ರೂ ನಿಘಂಟು ತೆರೆದು ಕೂತರು.

ಎಂಥ ದೊರೆ?

ನಿಘಂಟು ಸುಲಭವಾಗಿ ಬಿಡುಗಡೆ ಕೊಡುವುದಿಲ್ಲ. ‘ವಶಮಾಡಿಕೊಳ್ಳಿರಿ’ ಎಂಬಲ್ಲಿ ಹೀಬ್ರೂವಿನಲ್ಲಿರುವುದು ‘ಕಾಬಷ್’. ಬೈಬಲಿನ ಬೇರೆ ಕಡೆ ಅದೇ ಪದ ಗೆದ್ದ ನಾಡಿಗೂ ಜೀತಕ್ಕೆ ತಳ್ಳಿದ ಮಕ್ಕಳಿಗೂ ಬಳಕೆಯಾಗಿದೆ. ‘ದೊರೆತನ’ದ ಹಿಂದಿರುವುದು ‘ರಾದಾ’: ಆಳು, ಮೆಟ್ಟಿ ನಿಲ್ಲು. ಇವೆರಡನ್ನೂ ಹೂವಿನಂತೆ ಮೃದು ಮಾಡಿ ತೋರಿಸಲು ಹೊರಟವರು ಓದುಗರಿಗೆ ಮೋಸ ಮಾಡಿದಂತೆ.

ಆದರೆ ಆಳುವುದು ಅಂದರೆ ಏನೆಂದು ಬೈಬಲನ್ನೇ ಕೇಳಬಹುದಲ್ಲ? ಪ್ರವಾದಿ ಯೆಹೆಜ್ಕೇಲನ 34ನೇ ಅಧ್ಯಾಯದಲ್ಲಿ ಕೊಬ್ಬಿದ ಕುರಿಯನ್ನು ತಿಂದು, ಕುಂಟುವ ಕುರಿಯನ್ನು ಕೈಬಿಟ್ಟ ಕುರುಬರಿಗೆ ದೇವರು ಛೀಮಾರಿ ಹಾಕುತ್ತಾನೆ. ಅವರು ಕ್ರೌರ್ಯದಿಂದ ಆಳಿದರು ಎನ್ನುವಲ್ಲಿ ಬರುವುದು ಇದೇ ‘ರಾದಾ’. ಯಾಜಕಕಾಂಡದ 25ನೇ ಅಧ್ಯಾಯ ಬಡತನದಿಂದ ಆಳಾಗಿ ಬಂದವನ ಮೇಲೆ ಕಠಿಣವಾಗಿ ‘ರಾದಾ’ ನಡೆಸಕೂಡದೆನ್ನುತ್ತದೆ. 72ನೇ ಕೀರ್ತನೆಯ ಆದರ್ಶ ರಾಜನೂ ಸಮುದ್ರದಿಂದ ಸಮುದ್ರಕ್ಕೆ ‘ರಾದಾ’ ಮಾಡುವವನೇ. ಅವನ ಗುರುತು ಮಾತ್ರ ದಿಕ್ಕಿಲ್ಲದವರ ಮೊರೆ ಕೇಳುವುದು, ಹುಲ್ಲಿನ ಮೇಲೆ ಬೀಳುವ ಮಳೆಯಂತೆ ಇರುವುದು. ಪದ ಒಂದೇ, ದೊರೆಗಳು ಇಬ್ಬರು.

ಎರಡನೇ ಅಧ್ಯಾಯಕ್ಕೆ ಹೋದರೆ ದೃಶ್ಯವೇ ಬದಲು. ಅಲ್ಲಿ ಮನುಷ್ಯ ‘ಆದಾಮ್’, ಅವನನ್ನು ರೂಪಿಸಿದ ಮಣ್ಣು ‘ಆದಾಮಾ’. ಅವನನ್ನು ಏದೆನ್ ತೋಟದಲ್ಲಿ ಇಟ್ಟದ್ದು ವ್ಯವಸಾಯಕ್ಕೆ, ಕಾವಲಿಗೆ. ವ್ಯವಸಾಯ ಎಂದು ಕನ್ನಡವಾದ ‘ಆಬದ್’ ಪದಕ್ಕೆ ಸೇವೆ, ಊಳಿಗ ಎಂಬ ಅರ್ಥವೂ ಉಂಟು. ಮೊದಲ ಅಧ್ಯಾಯದಲ್ಲಿ ದೊರೆಯಾದವನು ಎರಡನೆಯದರಲ್ಲಿ ತೋಟದ ಆಳು. ಮೊದಲ ಅಧ್ಯಾಯವೂ ಅವನಿಗೆ ಪ್ರತ್ಯೇಕ ದಿನ ಕೊಟ್ಟಿಲ್ಲ, ದನಕರುಗಳ ಜೊತೆಗೇ ಆರನೇ ದಿನ ಹುಟ್ಟಿದ. ಅವನಿಗೆ ಅಲ್ಲಿ ಸಿಕ್ಕ ಊಟ ಬೀಜ, ಹಣ್ಣು ಮಾತ್ರ. ಮಾಂಸಕ್ಕೆ ಅಪ್ಪಣೆ ಸಿಗುವುದು ನೋಹನ ಜಲಪ್ರಳಯದ ನಂತರ. ಬ್ಯಾಡರಹಳ್ಳಿಯಲ್ಲಿ ಕೂತು ಓದುವವನಿಗೆ ಇನ್ನೊಂದು ಸಂಗತಿ ಕಣ್ಣಿಗೆ ಬಿದ್ದೀತು: ಆದಿಕಾಂಡದಲ್ಲಿ ಮೊದಲು ರಾಜ್ಯ ಕಟ್ಟಿದವನು ನಿಮ್ರೋದ, ಅವನು ಹೆಸರಾಂತ ಬೇಟೆಗಾರ. ಬೇಟೆಯ ದೊರೆತನಕ್ಕೂ ತೋಟದ ದೊರೆತನಕ್ಕೂ ನಡುವಿನ ಎಳೆದಾಟ ಆ ಗ್ರಂಥದೊಳಗೇ ಇದೆ.

ಕನ್ನಡದ ಕಿವಿಗೆ ಮತ್ತೊಂದು ಸೌಲಭ್ಯವಿದೆ. ಹಳಗನ್ನಡದಲ್ಲಿ ‘ದೊರೆ’ ಎಂದರೆ ಸಾಟಿ, ಹೋಲಿಕೆ. ‘ಸರಿದೊರೆ’ ಎಂಬ ಮಾತಿನಲ್ಲಿ ಇಂದಿಗೂ ಆ ಅರ್ಥ ಉಸಿರಾಡುತ್ತಿದೆ. ‘ದೊರೆ’ ಕ್ರಿಯಾಪದವಾದಾಗ ಸಿಕ್ಕು, ಒದಗು ಎಂದಾಗುತ್ತದೆ. ಮೂರೂ ಒಂದೇ ಬೇರಿನವೇ ಎಂಬುದನ್ನು ಭಾಷಾಶಾಸ್ತ್ರಕ್ಕೆ ಬಿಡೋಣ. ಆದಿಕಾಂಡದಲ್ಲಂತೂ ಮನುಷ್ಯನಿಗೆ ದೊರೆತನ ದೊರೆತದ್ದು ಅವನು ದೇವರ ಹೋಲಿಕೆಯಲ್ಲಿ ಉಂಟಾದ ಕಾರಣಕ್ಕೆ. ಹೋಲಿಕೆ ಕಳೆದುಕೊಂಡವನಿಗೆ ದೊರೆತನವೂ ಇಲ್ಲ ಎಂದು ಓದಲು ಹೀಬ್ರೂಗಿಂತ ಕನ್ನಡವೇ ಹತ್ತಿರದ ದಾರಿ. ಆದರೆ ವಸಾಹತು ಕಾಲದಲ್ಲಿ ‘ದೊರೆ’ ಅಂದರೆ ಕುದುರೆ ಏರಿ ಬರುವ ಬಿಳಿಯ ಅಧಿಕಾರಿ ಎಂದೂ ಆಯಿತು. ಅದೇ ಕಾಲದಲ್ಲೇ, ಬಳ್ಳಾರಿಯಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತವರ ಸಂಗಡಿಗರ ಕೈಯಲ್ಲಿ, ಸತ್ಯವೇದ ಕನ್ನಡಕ್ಕೆ ಬಂತು. ಪದಕ್ಕೆ ಅಂಟಿದ ಬೂಟಿನ ಧೂಳು ಸುಲಭಕ್ಕೆ ಹೋಗುವಂಥದ್ದಲ್ಲ.

ಸುಮನಹಳ್ಳಿಯ ಪ್ರತಿವಾದ

ಎದುರು ಪಕ್ಷದ ಮಾತನ್ನು ಕೇಳದೆ ತೀರ್ಪು ಕೊಡುವುದು ಸಲ್ಲ. 2000ದಲ್ಲಿ ಅಮೆರಿಕದಲ್ಲಿ ಹೊರಬಂದ ಕಾರ್ನ್‌ವಾಲ್ ಘೋಷಣೆಗೆ ಸಹಿ ಹಾಕಿದವರ ವಾದ ಹೀಗೆ: ಮನುಷ್ಯ ಕೇವಲ ಮುಕ್ಕುವವನಲ್ಲ, ಉತ್ಪಾದಿಸುವವನೂ ಹೌದು, ಮುಟ್ಟದ ಪ್ರಕೃತಿಯೇ ಪವಿತ್ರವೆಂದರೆ ಬಡವನಿಗೆ ವಿದ್ಯುತ್ತೂ ಇಲ್ಲ, ಔಷಧಿಯೂ ಇಲ್ಲ. 2006ರಲ್ಲಿ ಅದೇ ದೇಶದ ಸುವಾರ್ತಾ ಪಂಥದ 86 ನಾಯಕರು, ಹವಾಮಾನ ಬದಲಾವಣೆ ಬಡವರನ್ನೇ ಮೊದಲು ಹೊಡೆಯುವುದರಿಂದ ಅದನ್ನು ತಡೆಯುವುದೇ ವಿಶ್ವಾಸಿಯ ಕರ್ತವ್ಯ ಎಂದು ಸಹಿ ಹಾಕಿದರು. ಇಬ್ಬರ ಕೈಯಲ್ಲೂ ಒಂದೇ ವಚನ.

ಕಾರ್ನ್‌ವಾಲ್ ಪಕ್ಷದ ವಾದದಲ್ಲಿ ತಿರುಳಿದೆ ಎನ್ನುವುದಕ್ಕೆ ಸಾಕ್ಷಿ ಮಾಗಡಿ ರಸ್ತೆಯಲ್ಲೇ ಇದೆ. ಬ್ಯಾಡರಹಳ್ಳಿಯಿಂದ ನಗರದ ಕಡೆಗೆ ಬಂದರೆ ಸುಮನಹಳ್ಳಿ. ಮೇಲ್ಸೇತುವೆಯಿಂದ ಈಗ ಪರಿಚಿತವಾದ ಈ ಹೆಸರಿನ ಹಿಂದೆ ಇರುವುದು 1970ರ ದಶಕದ ಕೊನೆಯಲ್ಲಿ ಬೆಂಗಳೂರು ಮಹಾಧರ್ಮಕ್ಷೇತ್ರ ಕಟ್ಟಿದ ಕುಷ್ಠರೋಗಿಗಳ ಪುನರ್ವಸತಿ ಕೇಂದ್ರ. ಕುಷ್ಠದ ಸೂಕ್ಷ್ಮಾಣುವನ್ನು ನಾರ್ವೆಯ ಹಾನ್ಸೆನ್ ಗುರುತಿಸಿದ್ದು 1873ರಲ್ಲಿ. ಹಲವು ಔಷಧಗಳನ್ನು ಸೇರಿಸಿ ಕೊಡುವ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ್ದು 1981ರಲ್ಲಿ. ಒಂದು ಜೀವಿಯನ್ನು ಮನುಷ್ಯ ಮೆಟ್ಟಿ ನಿಂತ, ಅದರಿಂದ ಲಕ್ಷಾಂತರ ಜನ ಮನೆಗೆ ಮರಳಿದರು. ‘ಕಾಬಷ್’ ಎಂಬ ಒರಟು ಪದಕ್ಕೆ ಇದಕ್ಕಿಂತ ಗೌರವದ ಅರ್ಥ ಸಿಗಲಾರದು. ವಶಮಾಡಿಕೊಳ್ಳುವುದೇ ಪಾಪ ಎನ್ನುವವರು ಸುಮನಹಳ್ಳಿಯ ಗೇಟಿನ ಮುಂದೆ ನಿಂತು ಅದನ್ನು ಹೇಳಲಿ.

ಮನೆವಾರ್ತೆಯ ಮಧ್ಯಮಾರ್ಗ

ವಶಮಾಡಿಕೊಳ್ಳುವುದು, ಮುಟ್ಟದೆ ಬಿಡುವುದು ಈ ಎರಡರ ನಡುವೆ ಬಹುತೇಕ ಸಭೆಗಳು ಹಿಡಿದ ದಾರಿ ಪಾಲಕತ್ವ: ಭೂಮಿ ದೇವರದು, ಮನುಷ್ಯ ಅದರ ಮೇಲ್ವಿಚಾರಕ. ಕನ್ನಡ ಸತ್ಯವೇದದಲ್ಲಿ ಇದಕ್ಕೆ ‘ಮನೆವಾರ್ತೆಯವನು’ ಎಂಬ ಸೊಗಸಾದ ಪದವಿದೆ. ಗ್ರೀಕಿನಲ್ಲಿ ಅದು ‘ಓಯ್ಕೊನೊಮೊಸ್’. ಅದರೊಳಗಿನ ‘ಓಯ್ಕೊಸ್’ ಅಂದರೆ ಮನೆ. ಇಕಾನಮಿ, ಇಕಾಲಜಿ ಎರಡೂ ಆ ಮನೆಯ ಮಕ್ಕಳೇ. 2015ರಲ್ಲಿ ಪೋಪ್ ಫ್ರಾನ್ಸಿಸ್ ‘ಲೌದಾತೊ ಸೀ’ ಪತ್ರದಲ್ಲಿ, ದೊರೆತನದ ವಚನದಿಂದ ಕಡಿವಾಣವಿಲ್ಲದ ಲೂಟಿಗೆ ಪರವಾನಗಿ ಸಿಗುತ್ತದೆಂಬ ಓದು ತಪ್ಪು ಎಂದು ನೇರವಾಗಿಯೇ ಬರೆದರು. ಕ್ರೈಸ್ತರು ಕೆಲವೊಮ್ಮೆ ಹಾಗೆ ಓದಿದ್ದುಂಟು ಎಂದೂ ಒಪ್ಪಿಕೊಂಡರು.

ನಮ್ಮ ಕಡೆಯ ದೇವಶಾಸ್ತ್ರಜ್ಞರಿಗೆ ಅಷ್ಟು ಸಾಲಲಿಲ್ಲ. ಕೇರಳದ ಪೌಲೋಸ್ ಮಾರ್ ಗ್ರಿಗೋರಿಯೋಸ್ 1978ರ ಕೃತಿಯಲ್ಲೇ ತಕರಾರು ತೆಗೆದಿದ್ದರು: ಮೇಲ್ವಿಚಾರಕನಿಗೂ ಭೂಮಿ ಒಂದು ಸ್ವತ್ತು, ತನ್ನಿಂದ ಹೊರಗಿನ ವಸ್ತು. ಬೆಂಗಳೂರಿನ ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜಿನಲ್ಲಿ ಪ್ರಶ್ನೆ ಇನ್ನೂ ಕೆಳಕ್ಕಿಳಿಯಿತು. 1981ರಲ್ಲಿ ಅಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ ದಲಿತ ದೇವಶಾಸ್ತ್ರ ಮೊಳೆಯಿತೆಂದು ಬಲ್ಲವರು ಲೆಕ್ಕ ಹಾಕುತ್ತಾರೆ. ಅದೇ ಕಾಲೇಜಿನಲ್ಲಿ ಕಲಿಸಿದ ಕೆ.ಸಿ. ಅಬ್ರಹಾಂ, ಭೂಮಿಗೆ ಸಲ್ಲಬೇಕಾದ ನ್ಯಾಯವನ್ನೂ ಬಡವರಿಗೆ ಸಲ್ಲಬೇಕಾದ ನ್ಯಾಯವನ್ನೂ ಬೇರೆ ಮಾಡಲಾಗದು ಎಂದು 1990ರ ದಶಕದಲ್ಲಿ ಬರೆದರು. ಈ ಧಾಟಿಯನ್ನು ಕೊಂಚ ಮುಂದುವರಿಸಿದರೆ ಏಳುವ ಪ್ರಶ್ನೆ ಇದು: ಭಾರತದ ಕ್ರೈಸ್ತರಲ್ಲಿ ಬಹಳ ಮಂದಿ ತಲೆತಲಾಂತರದಿಂದ ತುಂಡು ನೆಲವಿಲ್ಲದ ದಲಿತರು, ಅವರಿಗೆ ಯಾವ ದೊರೆತನ, ಎಲ್ಲಿಯ ಮೇಲ್ವಿಚಾರಣೆ?

ತೂಬಿನ ಬಳಿ ನಿಂತವನು

ಈ ಪ್ರಶ್ನೆಗೆ ಉತ್ತರ ಹುಡುಕಲು ಹೀಬ್ರೂವಿನ ಹತ್ತಿರ ಹೋಗಬೇಕಿಲ್ಲ, ಕೆರೆ ಏರಿಯ ಹತ್ತಿರ ಹೋದರೂ ಸಾಕು. ಕನ್ನಡನಾಡಿನಲ್ಲಿ ದೊರೆಯ ಗುರುತು ಕೆರೆ. ಮಗನಿಗೆ ಹಾಲೂಡುತ್ತಲೇ ಕೆರೆ ಬಾವಿ ಕಟ್ಟಿಸು ಎಂದು ಕಿವಿಯಲ್ಲಿ ಹೇಳಿದ ತಾಯಿಯನ್ನು ವಿಜಯನಗರ ಕಾಲದ ಲಕ್ಷ್ಮೀಧರಾಮಾತ್ಯನ ಶಾಸನ ಇಂದಿಗೂ ನೆನೆಯುತ್ತದೆ. ಬೆಂಗಳೂರು ಕಟ್ಟಿದ ಕೆಂಪೇಗೌಡರ ಹೆಸರು ಕೋಟೆಗಿಂತ ಕೆಂಪಾಂಬುಧಿ, ಧರ್ಮಾಂಬುಧಿಗಳಲ್ಲಿ ಉಳಿಯಿತು. 1638ರಲ್ಲಿ ಬಿಜಾಪುರದ ಸೇನೆಗೆ ಬೆಂಗಳೂರು ಬಿಟ್ಟುಕೊಟ್ಟ ಅವರ ಮನೆತನ ನೆಲೆಸಿದ ಮಾಗಡಿಗೇ ಈ ರಸ್ತೆ ಹೋಗುವುದು. 72ನೇ ಕೀರ್ತನೆಯ ಮಳೆಯಂಥ ರಾಜ ನಮಗೆ ಅಪರಿಚಿತನಲ್ಲ.

ಆದರೆ ಕೆರೆ ಕಟ್ಟಿಸಿದವನೊಬ್ಬ, ಕಾದವನೊಬ್ಬ. ಕಾದವನು ನೀರುಗಂಟಿ. ತೂಬು ಎತ್ತುವುದು, ಕಾಲುವೆ ತಿದ್ದುವುದು, ಮೇಲಿನ ಗದ್ದೆಗೂ ಕೆಳಗಿನ ಗದ್ದೆಗೂ ಪಾಳಿ ಹಂಚುವುದು, ಮಳೆಯ ರಾತ್ರಿ ಏರಿಯ ಮೇಲೆ ಎಚ್ಚರವಿರುವುದು ಅವನ ಕೆಲಸ. ಹಳೆ ಮೈಸೂರಿನ ಅನೇಕ ಹಳ್ಳಿಗಳಲ್ಲಿ ಇದು ದಲಿತ ಮನೆತನಗಳ ಕೆಲಸ. ಕೂಲಿ ಸುಗ್ಗಿಯಲ್ಲಿ ಕಣದಿಂದ ಬರುವ ಆಯ. ಬರಗಾಲದಲ್ಲಿ ಗೌಡನ ಗದ್ದೆಗೂ ಸಾಕು ಎನ್ನುವ ಅಧಿಕಾರ ಅವನಿಗಿತ್ತು, ಆ ಗೌಡನ ಜಗಲಿ ಹತ್ತುವ ಅಧಿಕಾರ ಇರಲಿಲ್ಲ. ಆದ್ದರಿಂದ ಹಳೆಯ ವ್ಯವಸ್ಥೆಗೆ ಹೂಮಾಲೆ ಹಾಕುವುದು ಬೇಡ. ಆದರೂ ಆದಿಕಾಂಡದ ಎರಡನೇ ಅಧ್ಯಾಯ ಊಳಿಗ, ಕಾವಲು ಎಂಬ ಎರಡು ಪದಗಳಲ್ಲಿ ಹೇಳಿದ್ದಕ್ಕೆ ನಮ್ಮ ನಾಡಿನಲ್ಲಿ ಕೈಕಾಲು ಬಂದದ್ದು ಅವನಲ್ಲಿ. ಮನುಷ್ಯನ ದೊರೆತನ ಅಂದರೆ ತನ್ನದಲ್ಲದ ನೀರನ್ನು ಎಲ್ಲರಿಗೂ ಅಳೆದು ಬಿಡುವ, ಮೀನಿಗೂ ಕೊಕ್ಕರೆಗೂ ಅಷ್ಟು ಉಳಿಸುವ ಅಧಿಕಾರ ಎಂದು ನಾನು ಓದುತ್ತೇನೆ. ದೊರೆ ಎಂಬ ಪದವನ್ನು ಸತ್ಯವೇದದಿಂದ ಅಳಿಸಬೇಕಿಲ್ಲ, ನೀರುಗಂಟಿಗೆ ಕೊಟ್ಟರೆ ಸಾಕು.

ಬಾಕಿ ಉಳಿದ ರಜೆ

ಕೊಟ್ಟೆವೇ? ಧರ್ಮಾಂಬುಧಿ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣ. ಬಸವನಗುಡಿಯ ಕಡೆ ಹುಟ್ಟುವ ವೃಷಭಾವತಿ ಕೆಂಗೇರಿ ದಾಟಿ ಬೈರಮಂಗಲ ಕೆರೆ ಸೇರುವಷ್ಟರಲ್ಲಿ ನೊರೆಯಾಗಿರುತ್ತದೆ. ಬ್ಯಾಡರಹಳ್ಳಿಯಿಂದ ಪಶ್ಚಿಮಕ್ಕೆ ಮುಂದುವರಿದರೆ ತಾವರೆಕೆರೆಯಾಚೆ ತಿಪ್ಪಗೊಂಡನಹಳ್ಳಿ: ಅರ್ಕಾವತಿ, ಕುಮುದ್ವತಿ ಕೂಡುವಲ್ಲಿ 1933ರಲ್ಲಿ ಕಟ್ಟಿ ಮುಗಿಸಿದ, ದಶಕಗಳ ಕಾಲ ಬೆಂಗಳೂರಿಗೆ ಕುಡಿಯಲು ಕೊಟ್ಟ ಜಲಾಶಯ. ಅದನ್ನು ಉಳಿಸಲು 2003ರಲ್ಲಿ ಸರ್ಕಾರ ಅಧಿಸೂಚನೆ ಹೊರಡಿಸಿತು. ಒಂದು ದಶಕ ಕಳೆಯುವಷ್ಟರಲ್ಲಿ ನೀರು ಕೊಳೆತು, ಪೂರೈಕೆಯೇ ನಿಂತಿತು.

ಯಾಜಕಕಾಂಡದ 25ನೇ ಅಧ್ಯಾಯದಲ್ಲಿ ಇನ್ನೊಂದು ನಿಯಮವಿದೆ. ಏಳನೇ ವರ್ಷ ನೆಲಕ್ಕೆ ವಿಶ್ರಾಂತಿ. ಬಿತ್ತಬಾರದು, ಕೊಯ್ಯಬಾರದು, ತಾನಾಗಿ ಬೆಳೆದದ್ದು ಆಳಿಗೂ ಪರದೇಶಿಗೂ ಕಾಡುಪ್ರಾಣಿಗೂ. ನೆಲವನ್ನು ಶಾಶ್ವತವಾಗಿ ಮಾರಕೂಡದು, ಅದು ದೇವರದು ಎಂಬ ಮಾತೂ ಅಲ್ಲೇ ಬರುತ್ತದೆ; ವಿನೋಬಾ ಕೇಳಿದ್ದರೆ ತಲೆದೂಗುತ್ತಿದ್ದರು. ಜನ ಆ ನಿಯಮ ಪಾಲಿಸಲಿಲ್ಲ. ಪೂರ್ವಕಾಲವೃತ್ತಾಂತದ ಕೊನೆಯ ಅಧ್ಯಾಯ ಅದರ ಲೆಕ್ಕ ಒಪ್ಪಿಸುತ್ತದೆ: ಅಳಿದುಳಿದ ಜನ ಬಾಬೆಲಿಗೆ ಸೆರೆಹೋದರು, ಆ 70 ವರ್ಷ ನೆಲ ತನ್ನ ಬಾಕಿ ರಜೆಯನ್ನೆಲ್ಲ ಒಟ್ಟಿಗೆ ತೆಗೆದುಕೊಂಡಿತು.

2024ರ ಬೇಸಿಗೆಯಲ್ಲಿ ಬೆಂಗಳೂರಿನ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಒಣಗಿವೆ ಎಂದು ಸರ್ಕಾರವೇ ಹೇಳಿತು. ಮಾಗಡಿ ರಸ್ತೆಯಲ್ಲಿ ಟ್ಯಾಂಕರ್‌ಗೆ ಕೊಡ ಸಾಲಿಟ್ಟು ಕಾಯುವವರಿಗೆ ಆ ಪುರಾತನ ಲೆಕ್ಕವನ್ನು ಬಿಡಿಸಿ ಹೇಳಬೇಕಿಲ್ಲ. ನೆಲ ರಜೆ ಹಾಕಿದೆ, ಅರ್ಜಿ ಕೊಡದೆ.