ಇಳಿಸಿಬಿಟ್ಟ ಭಾರ

ಚಿತ್ರಕಥೆಯೆಂದರೆ ಮಕ್ಕಳು ಹೊತ್ತು ಕಳೆಯುವ ಸಾಧನವೆಂದು ತಳ್ಳಿಬಿಡುವ ಹಿರಿಯರು ನಮ್ಮ ವಾಚಕರಲ್ಲಿ ಅನೇಕರಿರಬಹುದು. ನಾವೂ ಕೆಲಕಾಲ ಹಾಗೆಯೇ ಎಣಿಸಿದ್ದೆವು. ಆದರೆ ಅಮೆರಿಕೆಯ ಮಾರ್ವೆಲ್ ಪ್ರಕಾಶನದವರು 2010ರಿಂದ 2012ರ ವರೆಗೆ ಒಂಬತ್ತು ಸಂಚಿಕೆಗಳಲ್ಲಿ ಹೊರಡಿಸಿದ ‘ಅವೆಂಜರ್ಸ್: ದಿ ಚಿಲ್ಡ್ರನ್ಸ್ ಕ್ರುಸೇಡ್’ ಎಂಬ ಕಥೆಯನ್ನು ಕೈಗೆತ್ತಿಕೊಂಡಾಗ, ದೊಡ್ಡವರಿಗೂ ತಕ್ಕ ವಸ್ತುವೊಂದು ಇಲ್ಲಿದೆಯೆಂದು ಆಸೆಪಟ್ಟೆವು. ಆ ಆಸೆ ಹೇಗೆ ಕೆಟ್ಟಿತೆಂಬುದನ್ನೇ ಈಗ ಅರಿಕೆಮಾಡುತ್ತೇವೆ.

ಕಥೆಯ ನಾಯಿಕೆ ವಾಂಡಾ. ‘ಸ್ಕಾರ್ಲೆಟ್ ವಿಚ್’, ಎಂದರೆ ಕೆಂಪು ಮಾಟಗಾತಿ, ಎಂಬುದು ಆಕೆಯ ಬಿರುದು. ಸ್ಟ್ಯಾನ್ ಲೀ, ಜ್ಯಾಕ್ ಕರ್ಬಿ ಎಂಬಿಬ್ಬರು ಆಕೆಯನ್ನು 1964ರಲ್ಲಿ ಸೃಷ್ಟಿಸಿದರು. ಆಕೆಯ ಪಾಪದ ಚರಿತ್ರೆ ಮಾತ್ರ ಈಚಿನದು. ತನ್ನ ಮಾಂತ್ರಿಕ ಶಕ್ತಿಯಿಂದ ಪಡೆದಿದ್ದ ಅವಳಿ ಮಕ್ಕಳನ್ನು ಕಳೆದುಕೊಂಡ ದುಃಖದಲ್ಲಿ ಬುದ್ಧಿ ಕದಡಿ, 2004ರ ಕಥೆಯಲ್ಲಿ ಆಕೆ ಸಂಗಡಿಗರ ಮೇಲೆಯೇ ಅನಾಹುತವನ್ನು ತಂದಳು. ಸ್ಕಾಟ್ ಲ್ಯಾಂಗನೇ ಮೊದಲಾದವರು ಮಡಿದರು. 2005ರ ‘ಹೌಸ್ ಆಫ್ ಎಂ’ ಕಥೆಯಲ್ಲಂತೂ, ‘ಮ್ಯೂಟಂಟ್’ ಎಂದು ಕರೆಯಲ್ಪಡುವ, ಹುಟ್ಟಿನಿಂದಲೇ ಅದ್ಭುತ ಶಕ್ತಿಯುಳ್ಳ ಜನಾಂಗದಲ್ಲಿ ಬಹುತೇಕ ಎಲ್ಲರ ಶಕ್ತಿಯನ್ನೂ ಒಂದೇ ಮಾತಿನಿಂದ ಅಳಿಸಿಬಿಟ್ಟಳು.

ಇಂಥವಳು ಎಚ್ಚೆತ್ತು ತನ್ನ ಕೃತ್ಯವನ್ನು ಎದುರಿಸಬೇಕು. ಇದಕ್ಕಿಂತ ದೊಡ್ಡ ವಸ್ತು ಬೇಕೆ? ಕಥೆಗಾರರಾದ ಅಲನ್ ಹೈನ್‌ಬರ್ಗರು ಆರಂಭವನ್ನು ಚೆನ್ನಾಗಿಯೇ ಮಾಡಿದ್ದಾರೆ. ಆ ಅವಳಿಗಳಲ್ಲೊಬ್ಬನೇ ತಾನಾಗಿ ಮರಳಿ ಹುಟ್ಟಿರುವೆನೆಂದು ನಂಬಿದ ಬಿಲ್ಲಿ ಎಂಬ ಹುಡುಗನು ಗೆಳೆಯರೊಡನೆ ತಾಯಿಯನ್ನು ಅರಸಿ ಹೊರಡುತ್ತಾನೆ. ಲ್ಯಾಟ್ವೇರಿಯಾ ಎಂಬ ಕಲ್ಪಿತ ದೇಶದಲ್ಲಿ ಆಕೆ ಸಿಕ್ಕುತ್ತಾಳೆ. ಹಿಂದಿನದೆಲ್ಲವನ್ನೂ ಮರೆತು, ಅಲ್ಲಿಯ ದುಷ್ಟ ದೊರೆಯಾದ ಡಾಕ್ಟರ್ ಡೂಮನನ್ನು ವರಿಸಲು ಸಿದ್ಧಳಾಗಿದ್ದಾಳೆ. ಜಿಮ್ ಚ್ಯೂಂಗರ ಚಿತ್ರಗಳು ಬಹು ಸೊಗಸು. ನೆನಪು ಮರಳಿದ ಬಳಿಕ ಆಕೆ ರಿಕ್ಟರನೆಂಬವನಿಗೆ ಅವನು ಕಳೆದುಕೊಂಡ ಶಕ್ತಿಯನ್ನು ಹಿಂದಿರುಗಿಸುವ ಪ್ರಸಂಗವನ್ನು ನಾವು ಎರಡು ಸಲ ಓದಿದೆವು. ಕೆಡಿಸಿದ್ದನ್ನು ಒಬ್ಬೊಬ್ಬರಿಗಾಗಿ ಸರಿಪಡಿಸಹೊರಟ ಹೆಣ್ಣು! ಕಥೆ ಅದೇ ದಾರಿಯಲ್ಲಿ ನಡೆಯಬಾರದಿತ್ತೆ?

ಕಥೆಗಾರರಿಗೆ ಧೈರ್ಯ ಸಾಲದೆ ಹೋಯಿತು. ವಾಂಡಾಳೂ ಡೂಮನೂ ಕೂಡಿ ಪ್ರಾಣಶಕ್ತಿಯೊಂದನ್ನು ಆವಾಹಿಸಹೋದರಂತೆ. ಅದು ಆಕೆಯನ್ನು ಮೆಟ್ಟಿಕೊಂಡಿತಂತೆ. ಹೊಣೆ ತನ್ನದೆಂದು ಡೂಮನೇ ಒಪ್ಪಿಕೊಳ್ಳುತ್ತಾನೆ. ಗ್ರಹ ಹಿಡಿದವಳ ಮೇಲೆ ತಪ್ಪು ಹೊರಿಸುವವರಾರು? ಕಾಳಿದಾಸನೂ ದೂರ್ವಾಸರ ಶಾಪವನ್ನು ತಂದು ದುಷ್ಯಂತನ ಅಪರಾಧವನ್ನು ಹಗುರಮಾಡಿದನಲ್ಲವೆ ಎಂದು ವಾಚಕರು ಕೇಳಬಹುದು. ನಿಜವೇ. ಆದರೂ ಉಂಗುರವನ್ನು ಕಂಡ ಮೇಲೆ ಆ ದೊರೆ ಆರನೆಯ ಅಂಕದಲ್ಲಿ ಬೆಂದು ಹೋಗುತ್ತಾನೆ. ಶಾಪದ ನೆವ ಅವನಿಗೆ ತಿಳಿದೇ ಇಲ್ಲ. ವಾಂಡಾಳಿಗೆ ಬೇಯುವುದಕ್ಕೆ ಎಡೆಯನ್ನೇ ಕೊಟ್ಟಿಲ್ಲ.

ಇದಕ್ಕಿಂತಲೂ ನಮ್ಮನ್ನು ನೋಯಿಸಿದುದು ಕ್ಯಾಸಿಯ ಗತಿ. ಸತ್ತ ಸ್ಕಾಟ್ ಲ್ಯಾಂಗನ ಮಗಳೀಕೆ. ಕಾಲದಲ್ಲಿ ಹಿಂದಕ್ಕೆ ಸರಿದ ಈ ಹುಡುಗರು ಅವಳ ತಂದೆಯನ್ನು ಬದುಕಿಸಿ ತರುತ್ತಾರೆ. ಹೆಚ್ಚು ಪುಟಗಳು ಕಳೆಯುವ ಮುನ್ನವೇ ಡೂಮನ ಕೈಯಲ್ಲಿ ಮಗಳು ಸಾಯುತ್ತಾಳೆ. ಒಂಬತ್ತನೆಯ ಸಂಚಿಕೆಯನ್ನು ಮುಚ್ಚಿದಾಗ ನಮ್ಮ ಕಣ್ಣಮುಂದೆ ಉಳಿದವನು ಆ ತಂದೆಯೊಬ್ಬನೇ.