ಚಾವಡಿಯ ಗೋಡೆಯ ಕೋವಿ

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹಳಗನ್ನಡದ ಪಾಠ ಹೇಳಿದವನೊಬ್ಬನು ಕೋವಿಯ ವಿಚಾರವಾಗಿ ಮಾತನಾಡಲು ಹೊರಟರೆ ಕೇಳುವವರಿಗೆ ವಿನೋದವೆನಿಸಬಹುದು. ನಾನು ಜೀವಮಾನದಲ್ಲಿ ಒಂದು ಈಡನ್ನೂ ಹೊಡೆದವನಲ್ಲ. ಆದರೆ ಕೋವಿಯಿದ್ದ ಮನೆಯಲ್ಲಿ ಹುಟ್ಟಿ ಬೆಳೆದವನು. ಬೆಳ್ತಂಗಡಿ ತಾಲೂಕಿನ ನಮ್ಮ ತೋಟದ ಮನೆಯ ಚಾವಡಿಯಲ್ಲಿ, ಗೋಡೆಗೆ ಬಡಿದ ಎರಡು ಮರದ ಗೂಟಗಳ ಮೇಲೆ, ತಂದೆಯವರ ಕಾಲದಿಂದಲೂ ಒಂದು ಕೇಪಿನ ಕೋವಿ ಇತ್ತು. ಅವರ ನಂತರ ಅದರ ಪರವಾನಗಿ ಅಣ್ಣನ ಹೆಸರಿಗೆ ಬಂತು. ಕಳೆದ ವರ್ಷ ಅಣ್ಣ ತೀರಿಕೊಂಡರು. ಕಾನೂನಿನಂತೆ ಕೋವಿಯನ್ನು ಪೊಲೀಸ್ ಠಾಣೆಗೆ ಒಪ್ಪಿಸಿದ್ದಾಯಿತು. ಈಗ ಅವರ ಮಗ ನನ್ನನ್ನು ಕೇಳುತ್ತಾನೆ: "ಚಿಕ್ಕಪ್ಪ, ಕೋವಿಯನ್ನು ನನ್ನ ಹೆಸರಿಗೆ ಮಾಡಿಸಿ ತರುವುದೋ, ಬಿಡುವುದೋ? ನೀವೊಂದು ಮಾತು ಹೇಳಿ."

ಅವನಿಗೆ ಇನ್ನೊಂದು ಆಸೆಯೂ ಇತ್ತು. ಅಮೆರಿಕದಲ್ಲಿರುವ ಅವನ ಸ್ನೇಹಿತನೊಬ್ಬನು ಮೊಬೈಲಿನಲ್ಲಿ ಒಂದು ಬಂದೂಕಿನ ಚಿತ್ರ ತೋರಿಸಿದ್ದನಂತೆ. ಗಿಡ್ಡ ನಳಿಗೆ, ಹಗುರವಾದ ಮೈ, ಹೆಗಲಿಗೆ ಆನಿಸಿ ಹೊಡೆಯುವ ಹಿಡಿ. ಒಳಗೆ ಹಾಕುವುದು ಮಾತ್ರ ಪಿಸ್ತೂಲಿನ ತೋಟೆ. ಇದಕ್ಕೆ ಕಾರ್ಬೈನ್ ಎನ್ನುತ್ತಾರೆ. "ಆ ಹಳೆಯ ಕೇಪಿನ ಕೋವಿಗಿಂತ ಅಂಥದ್ದೊಂದು ಸಿಕ್ಕಿದರೆ ಒಳ್ಳೆಯದಲ್ಲವೋ?" ಎಂದು ಅವನ ಪ್ರಶ್ನೆ. ಎರಡು ಪ್ರಶ್ನೆಗಳನ್ನೂ ಒಂದೊಂದಾಗಿ ತೂಗಿ ನೋಡೋಣ.

ಕಾರ್ಬೈನಿನ ಗುಣಗಳನ್ನು ಅಲ್ಲಗಳೆಯುವಂತಿಲ್ಲ. ಪಿಸ್ತೂಲನ್ನು ಅಂಗೈಯಲ್ಲಿ ಹಿಡಿದು ಗುರಿಯಿಡುವುದು ಕಷ್ಟ. ಅದೇ ತೋಟೆಯನ್ನು ಹೆಗಲಿಗೆ ಆನಿಸಿದ ಬಂದೂಕಿನಿಂದ ಹೊಡೆದರೆ ಗುರಿ ನಿಲ್ಲುತ್ತದೆ, ಹೆಗಲಿಗೆ ಬೀಳುವ ಒದೆತವೂ ಕಡಿಮೆ. ಒಂದೇ ಬಗೆಯ ತೋಟೆ ಎರಡು ಆಯುಧಗಳಿಗೆ ಸಲ್ಲುವ ಅನುಕೂಲವೂ ಉಂಟು. 1873ರಲ್ಲಿ ಅಮೆರಿಕದ ವಿಂಚೆಸ್ಟರ್ ಕಂಪನಿ ತಯಾರಿಸಿದ ಬಂದೂಕಿನ ತೋಟೆಯನ್ನೇ ಹಾಕುವ ರಿವಾಲ್ವರನ್ನು ಕೋಲ್ಟ್ ಕಂಪನಿ ಆಮೇಲೆ ಹೊರತಂದದ್ದು ಈ ಅನುಕೂಲಕ್ಕಾಗಿಯೇ. ನಮ್ಮ ದೇಶದಲ್ಲಿಯೂ ಕಾನಪುರದ ಕಾರ್ಖಾನೆಯಲ್ಲಿ ತಯಾರಾದ 9 ಮಿಲಿಮೀಟರಿನ ಕಾರ್ಬೈನು ಸೈನಿಕರ ಮತ್ತು ಪೊಲೀಸರ ಹೆಗಲಲ್ಲಿ ಬಹುಕಾಲ ತೂಗಿತು.

ಆದರೆ ದೋಷಗಳೂ ಅಷ್ಟೇ ಇವೆ. ಪಿಸ್ತೂಲಿನ ಗುಂಡಿಗೆ ರೈಫಲಿನ ಗುಂಡಿನ ಬಲವಿಲ್ಲ. ದೊಡ್ಡ ಪ್ರಾಣಿಯನ್ನು ಅದು ಗಾಯಗೊಳಿಸಬಲ್ಲುದು, ಒಡನೆಯೇ ಕೆಡವುದೆಂಬ ಭರವಸೆಯಿಲ್ಲ. ಗಾಯಗೊಂಡ ಹಂದಿ ಗಾಯವಿಲ್ಲದ ಹಂದಿಗಿಂತ ಅಪಾಯಕರವೆಂಬುದನ್ನು ನಮ್ಮ ಊರಿನವರಿಗೆ ಬೇರೆ ಹೇಳಬೇಕಾಗಿಲ್ಲ. ಬಲ ಕಡಿಮೆಯೆಂದು ಗುಂಡು ಹತ್ತಿರವೇ ಬೀಳುವುದೂ ಇಲ್ಲ. ತಡೆಯಿಲ್ಲದಿದ್ದರೆ ಒಂದು ಕಿಲೋಮೀಟರಿಗೂ ಮೀರಿ ಹೋಗುತ್ತದೆ. ಬಯಲುಸೀಮೆಯಲ್ಲಿ ಮನೆಗಳೆಲ್ಲ ಊರಿನೊಳಗೆ ಒತ್ತಾಗಿ, ಹೊಲಗಳು ಹೊರಗೆ ಇರುತ್ತವೆ. ಬಂಟ್ವಾಳದಿಂದ ಮೂಡಬಿದಿರೆಯವರೆಗೆ, ಮೂಡಬಿದಿರೆಯಿಂದ ಬೆಳ್ತಂಗಡಿಯವರೆಗೆ ಹಾಗಲ್ಲ. ಅವರವರ ತೋಟದಲ್ಲಿ ಅವರವರ ಮನೆ. ನಮ್ಮ ಅಡಕೆಮರಗಳ ಸಾಲಿನ ಆಚೆ, ಆ ಗುಡ್ಡದ ಇಳಿಜಾರಿನಲ್ಲಿ, ಯಾರದೋ ಬಚ್ಚಲುಮನೆಯ ಹೊಗೆ ಏಳುತ್ತಿರುತ್ತದೆ. ಇಂಥ ನಾಡಿನಲ್ಲಿ ದೂರ ಹೋಗುವ ಗುಂಡು ಯಾವ ಅಂಗಳದಲ್ಲಿ ಇಳಿಯುವುದೆಂದು ಹೇಳುವವರು ಯಾರು?

ಇಷ್ಟು ವಿಚಾರ ಮಾಡುವ ಅಗತ್ಯವೂ ಇಲ್ಲದಂತೆ ಕಾನೂನು ಈ ದಾರಿಯನ್ನು ಮುಚ್ಚಿದೆ. 1959ರ ಆಯುಧ ಕಾಯ್ದೆಯ 13ನೆಯ ಕಲಮು ರೈತನ ಬೆಳೆ ರಕ್ಷಣೆಗೆಂದು ಹೆಸರಿಸುವುದು ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ, ಇಪ್ಪತ್ತು ಅಂಗುಲಕ್ಕೆ ಕಡಿಮೆಯಿಲ್ಲದ ನಯವಾದ ನಳಿಗೆಯ ಬೇರೆ ಕೋವಿಯನ್ನು. 9 ಮಿಲಿಮೀಟರಿನ ತೋಟೆಯ ಆಯುಧವೋ ನಿಷೇಧಿತ ವರ್ಗಕ್ಕೆ ಸೇರಿದುದು. ಹಾಗಾಗಿ ಕಾರ್ಬೈನಿನ ಮಾತನ್ನು ಅಮೆರಿಕಕ್ಕೇ ಬಿಟ್ಟು, ಠಾಣೆಯಲ್ಲಿರುವ ನಮ್ಮ ಕೋವಿಗೆ ಬರೋಣ.

ಕೋವಿಯೆಂಬ ಮಾತಿಗೆ ಕೊಳವೆಯೆಂದೇ ಅರ್ಥ. ಕೇಪಿನ ಕೋವಿ ಹೆಸರಿಗೆ ತಕ್ಕಂತೆ ಒಂದು ಕೊಳವೆಯೇ ಸರಿ. ಬಾಯಿಯಿಂದ ಮದ್ದು ಸುರಿದು, ತೆಂಗಿನ ನಾರನ್ನೋ ಬಟ್ಟೆಯ ಚೂರನ್ನೋ ಸಲಾಕೆಯಿಂದ ಜಡಿದು, ಅದರ ಮೇಲೆ ಚರೆ ಹಾಕಿ, ಮತ್ತೆ ಜಡಿದು, ಹಿಂಬದಿಯ ಮೊಲೆಗೆ ಕೇಪು ಸಿಕ್ಕಿಸಬೇಕು. ಕುದುರೆ ಎಳೆದು ಬಿಟ್ಟರೆ ಕೇಪು ಸಿಡಿದು ಕಿಡಿ ಮದ್ದಿಗೆ ಮುಟ್ಟುತ್ತದೆ. ಒಂದು ಈಡಾದ ಮೇಲೆ ಇನ್ನೊಂದಕ್ಕೆ ಇಷ್ಟೂ ಕೆಲಸ ಮೊದಲಿನಿಂದ. ಆಟಿ ತಿಂಗಳ ಮಳೆಯಲ್ಲಿ ಮದ್ದಿಗೆ ತೇವ ಹಿಡಿದರೆ ಕೇಪು ಮಾತ್ರ ಚಟ್ಟೆಂದು ಸುಮ್ಮನಾಗುವುದುಂಟು. ಒಮ್ಮೆ ತುಂಬಿದ ಕೋವಿಯನ್ನು ಹೊಡೆಯದೆ ಬರಿದುಮಾಡುವುದು ತೊಡಕಿನ ಕೆಲಸ. ಆದ್ದರಿಂದ ಅನೇಕ ಮನೆಗಳಲ್ಲಿ ಅದು ತುಂಬಿಕೊಂಡೇ ತೂಗುತ್ತಿರುತ್ತದೆ. ಇದು ಅದರ ದೊಡ್ಡ ದೋಷ.

ಇದನ್ನು ಇಟ್ಟುಕೊಂಡು ರೈತನು ಯಾರನ್ನು ಹೊಡೆಯಬೇಕು? ಇಲ್ಲೊಂದು ವಿಚಿತ್ರ ತೊಡಕಿದೆ. 1959ರ ಕಾಯ್ದೆ ಬೆಳೆ ಕಾಯಲು ಕೋವಿ ಕೊಟ್ಟಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆ ಕೋವಿಯ ಗುರಿಯನ್ನು ತೆಗೆದುಕೊಂಡಿತು. ಭತ್ತದ ಸಸಿಮಡಿಗೆ ಇಳಿಯುವ ನವಿಲು, ಘಟ್ಟದಿಂದ ಬರುವ ಕಾಟಿ, ಆನೆ, ಇವೆಲ್ಲ ಮೊದಲನೆಯ ಅನುಸೂಚಿಯ ಪ್ರಾಣಿಗಳು. ಎಳನೀರು ಕಿತ್ತು ಬಿಸಾಡುವ ಮಂಗವೂ ಕಾಯ್ದೆಯ ರಕ್ಷಣೆಯಲ್ಲಿದೆ. ಕಾಡುಹಂದಿಯನ್ನು ಕೂಡ ಅರಣ್ಯ ಇಲಾಖೆಯ ಅಧಿಕಾರಿಗಳ ಲಿಖಿತ ಅಪ್ಪಣೆಯಿಲ್ಲದೆ ಕೊಲ್ಲುವಂತಿಲ್ಲ. ಕೇರಳದಲ್ಲಿ 2022ರಲ್ಲಿ ಈ ಅಪ್ಪಣೆ ಕೊಡುವ ಅಧಿಕಾರವನ್ನು ಗ್ರಾಮ ಪಂಚಾಯತಿಯ ಮಟ್ಟಕ್ಕೆ ಇಳಿಸಿದರು. ಕಾಸರಗೋಡಿನ ನಮ್ಮ ಕನ್ನಡಿಗ ಕೃಷಿಕರಿಗೂ ಅದು ಅನ್ವಯಿಸಿತು. ಕಾಯ್ದೆಯನ್ನು ನಾನು ಜರೆಯುತ್ತಿಲ್ಲ. ಅದಿಲ್ಲದಿದ್ದರೆ ನಮ್ಮ ಮೊಮ್ಮಕ್ಕಳು ನವಿಲನ್ನು ಪುಸ್ತಕದಲ್ಲಿ ನೋಡಬೇಕಾಗುತ್ತಿತ್ತು. ತುಳುವರಿಗಂತೂ ಹಂದಿಯೊಂದಿಗಿನ ಸಂಬಂಧ ಬರಿಯ ವೈರದ್ದಲ್ಲ. ಗೆಣಸಿನ ಸಾಲನ್ನು ಅಗೆದು ಹಾಕುವ ಹಂದಿಯೇ ಪಂಜುರ್ಲಿಯಾಗಿ ದೈವದ ಸ್ಥಾನದಲ್ಲಿ ಕೋಲವನ್ನೂ ಪಡೆಯುತ್ತದೆ.

ಹಾಗಾದರೆ ಕೋವಿಯಿಂದ ಉಳಿದ ಉಪಯೋಗ ಒಂದೇ: ಸದ್ದು. ಚರೆಯಿಲ್ಲದೆ ಬರಿಯ ಮದ್ದು ತುಂಬಿ ಆಕಾಶದ ಕಡೆಗೆ ಹೊಡೆದರೆ ಮಂಗಗಳ ಹಿಂಡು ಆ ದಿನದ ಮಟ್ಟಿಗೆ ಪಕ್ಕದ ತೋಟಕ್ಕೆ ಹೋಗುತ್ತದೆ. ಅಣ್ಣ ಮಾಡುತ್ತಿದ್ದುದೂ ಅಷ್ಟೆ. ಈ ಸದ್ದನ್ನು ಹಗುರವಾಗಿ ಕಾಣಬಾರದು. ಚಾರ್ಮಾಡಿಯ ಬುಡದಲ್ಲಿ, 1987ರಲ್ಲಿ ಘೋಷಿತವಾದ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ, ಒಂಟಿ ಮನೆಗಳಿವೆ. ನಡುರಾತ್ರಿ ಬಾಳೆಯ ತೋಟದಲ್ಲಿ ಆನೆ ಮರ ಮುರಿಯುವ ಸದ್ದು ಕೇಳಿದಾಗ, ಮಕ್ಕಳನ್ನು ಒಳಗಿಟ್ಟುಕೊಂಡು ಕುಳಿತವನಿಗೆ ಗೋಡೆಯ ಮೇಲೆ ಒಂದು ಕೋವಿಯಿದೆಯೆಂಬ ಧೈರ್ಯ ಏನೆಂಬುದನ್ನು ಪಟ್ಟಣದ ನಾವು ಅಳೆಯಲಾರೆವು. ಅಂಥವನಿಗೆ "ಕೋವಿ ಬಿಡು" ಎಂದು ಉಪದೇಶಿಸುವ ಅಧಿಕಾರ ನನಗಿಲ್ಲ. ಆದರೆ ಬಂಟ್ವಾಳದ ನೇತ್ರಾವತಿಯ ದಂಡೆಯ ತೋಟಗಳಲ್ಲಾಗಲಿ, ಬಸದಿಗಳ ನೆರಳಿನ ಮೂಡಬಿದಿರೆಯ ಆಸುಪಾಸಿನಲ್ಲಾಗಲಿ ಆ ಕಾರಣ ಅಷ್ಟು ಬಲವಾಗಿ ನಿಲ್ಲದು. ಅಲ್ಲಿ ನಾಲ್ಕು ಗರ್ನಾಲು, ಒಂದು ಒಳ್ಳೆಯ ನಾಯಿ, ಸೌರಶಕ್ತಿಯ ಬೇಲಿ ಇವೇ ಹೆಚ್ಚು ಕೆಲಸ ಮಾಡುತ್ತವೆ.

ಇನ್ನು ಕೋವಿ ನಮ್ಮಿಂದ ಕೇಳುವ ಬೆಲೆ. ಕೊಡಗಿನಲ್ಲಿ ಕೋವಿ ಮನೆತನದ ಗೌರವ. ಗಂಡುಮಗು ಹುಟ್ಟಿದರೆ ಒಂದು ಈಡು ಹೊಡೆಯುವ ಪದ್ಧತಿ ಅಲ್ಲಿದೆ. 1861ರಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷ, ಎಂದರೆ 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ನಮ್ಮ ಜಿಲ್ಲೆಯವರಿಗೆ ಆ ಭಾಗ್ಯವಿಲ್ಲ. ಪರವಾನಗಿಗೆ ಅರ್ಜಿ, ಪೊಲೀಸರ ವಿಚಾರಣೆ, ಅವಧಿ ಮುಗಿಯುತ್ತಲೇ ನವೀಕರಣ. 2019ರ ತಿದ್ದುಪಡಿಯಿಂದ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದ್ದು ಸ್ವಲ್ಪ ಸಮಾಧಾನ. ಚುನಾವಣೆ ಬಂತೆಂದರೆ ಕೋವಿಗಳನ್ನು ಠಾಣೆಗೆ ಒಪ್ಪಿಸುವ ಆದೇಶ. ಪ್ರತಿಯೊಂದು ಪರವಾನಗಿಯನ್ನೂ ಸಮಿತಿಯೊಂದು ಪರಿಶೀಲಿಸಬೇಕೆಂಬ ನಿಯಮವೇನೋ ಉಂಟು. ಆದರೂ ಹೊತ್ತುಕೊಂಡು ಹೋಗುವ ಶ್ರಮ ಮುದಿ ರೈತನ ಪಾಲಿಗೆ ಬರುವುದೇ ಹೆಚ್ಚು. 2024ರ ಲೋಕಸಭಾ ಚುನಾವಣೆ ಮಾರ್ಚ್ 16ರಂದು ಘೋಷಣೆಯಾಗಿ, ಎಣಿಕೆ ಮುಗಿದದ್ದು ಜೂನ್ 4ರಂದು. ಎಳನೀರಿನ ಆ ಬೇಸಗೆಯನ್ನು ಮಂಗಗಳು ಚುನಾವಣೆಯ ಸಲುವಾಗಿ ಬಿಟ್ಟುಕೊಡಲಿಲ್ಲ.

ಇವೆಲ್ಲ ಹೊರಗಿನ ಬೆಲೆ. ಒಳಗಿನದು ಬೇರೆ ಇದೆ; ಅದನ್ನು ಹೇಳಲೆಂದೇ ಈ ಮಾತು ತೆಗೆದೆ.

ಬಹಳ ವರ್ಷಗಳ ಹಿಂದೆ ಒಂದು ಮಳೆಗಾಲದಲ್ಲಿ ನಮ್ಮ ತೋಟಕ್ಕೆ ಕೊಳೆರೋಗ ಬಿತ್ತು. ಮಳೆ ಬಿಡದೆ ಹಿಡಿದುದರಿಂದ ಎರಡನೆಯ ಸಲ ಮದ್ದು ಬಿಡಲಾಗಲಿಲ್ಲ. ಎಳೆಯ ಅಡಕೆಯೆಲ್ಲ ಕೊಳೆತು ಮರದ ಬುಡಕ್ಕೆ ಉದುರಿತು. ಸಾಲದ ಕಂತು ಎದುರಿಗಿತ್ತು. ಅಣ್ಣ ಮಾತು ಬಿಟ್ಟರು, ಊಟವೂ ಅಷ್ಟಕ್ಕಷ್ಟೆ. ರಾತ್ರಿ ಚಾವಡಿಯಲ್ಲಿ ದೀಪ ಆರಿಸಿ ಒಬ್ಬರೇ ಕುಳಿತಿರುತ್ತಿದ್ದರು. ಅತ್ತಿಗೆ ಏನನ್ನೂ ಕೇಳಲಿಲ್ಲ. ಒಂದು ಮಧ್ಯಾಹ್ನ ಅಣ್ಣ ಮಲಗಿದ್ದಾಗ, ಕೇಪುಗಳ ಸಣ್ಣ ಡಬ್ಬಿಯನ್ನು ತೆಗೆದು ಅಕ್ಕಿಯ ಡಬ್ಬದ ತಳದಲ್ಲಿ ಹುದುಗಿಸಿದರು. ದೀಪಾವಳಿ ಕಳೆದು ಅಣ್ಣನ ಮುಖ ತಿಳಿಯಾದ ಮೇಲೆ ಮತ್ತೆ ಅದರ ಜಾಗಕ್ಕೆ ಇಟ್ಟರು. ಅಣ್ಣನಿಗೆ ಇದು ಗೊತ್ತಾಯಿತೋ ಇಲ್ಲವೋ, ನಾನು ಕೇಳಲಿಲ್ಲ. ನನಗೆ ತಿಳಿದದ್ದು ಅವರು ತೀರಿಕೊಂಡ ಮೇಲೆ, ಅತ್ತಿಗೆಯ ಬಾಯಿಂದಲೇ.

ಅಮೆರಿಕದಲ್ಲಿ ನಡೆದ ಹಲವು ಅಧ್ಯಯನಗಳು ಒಂದು ಮಾತನ್ನು ಮತ್ತೆ ಮತ್ತೆ ಹೇಳಿವೆ: ಮನೆಯಲ್ಲಿ ಬಂದೂಕಿದ್ದರೆ ಆ ಮನೆಯವರು ತಮ್ಮ ಕೈಯಿಂದಲೇ ಪ್ರಾಣ ಕಳೆದುಕೊಳ್ಳುವ ಅಪಾಯ ಹೆಚ್ಚುತ್ತದೆ. ದುಃಖದ ಗಳಿಗೆ ಬಂದು ಹೋಗುವಂಥದು. ಕೈಗೆಟುಕುವ ದೂರದಲ್ಲಿ ಏನಿದೆಯೆಂಬುದರ ಮೇಲೆ ಒಂದು ಬದುಕು ನಿಂತಿರಬಹುದು. ನಮ್ಮ ಅತ್ತಿಗೆ ಅಂಥ ಅಧ್ಯಯನ ಓದಿದವರಲ್ಲ. ಆದರೂ ಕೋವಿಯ ಜೀವ ಕೇಪಿನಲ್ಲಿದೆಯೆಂದು ಅವರಿಗೆ ತಿಳಿದಿತ್ತು. ತೋಟೆಗಳನ್ನು ಸಾಲಾಗಿ ನುಂಗಿ ಸಿದ್ಧವಾಗಿರುವ ಕಾರ್ಬೈನ್ ಆ ಗೋಡೆಯಲ್ಲಿದ್ದಿದ್ದರೆ ಎಂದು ನೆನೆದಾಗ ನನ್ನ ಮೈ ಇಂದಿಗೂ ನಡುಗುತ್ತದೆ.

ಅಣ್ಣನ ಮಗನಿಗೆ ನಾನು ಹೇಳಿದ್ದು ಇಷ್ಟೆ. ಕೋವಿ ತರುವುದಾದರೆ ಕೋವಿ ಒಂದು ಕಡೆ, ಮದ್ದು ಇನ್ನೊಂದು ಕಡೆ, ಕೇಪು ಮತ್ತೊಂದು ಕಡೆ ಇರಲಿ, ಬೀಗವೂ ಇರಲಿ, ತುಂಬಿದ ಕೋವಿಯನ್ನು ಗೋಡೆಗೆ ತೂಗಬೇಡ, ಕತ್ತಲೆಯಲ್ಲಿ ಪೊದೆ ಅಲುಗಿತೆಂದು ಹೊಡೆಯಬೇಡ. ಹಂದಿಯೆಂದು ಭ್ರಮಿಸಿ ಮನುಷ್ಯನಿಗೆ ಹೊಡೆದ ಸುದ್ದಿ ನಮ್ಮ ಪತ್ರಿಕೆಗಳಿಗೆ ಹೊಸದಲ್ಲ. ಇದಿಷ್ಟನ್ನೂ ದಿನವೂ ಪಾಲಿಸಬಲ್ಲೆಯಾದರೆ, ಕಾಡು ಅಷ್ಟು ಹತ್ತಿರವಿದ್ದರೆ, ಅರ್ಜಿ ಹಾಕು. ಆದರೆ ಅದಕ್ಕೂ ಮೊದಲು ನಿನ್ನ ಅಮ್ಮನನ್ನು ಕೇಳು. ಪರವಾನಗಿಯಲ್ಲಿ ಹೆಸರು ಒಬ್ಬರದು. ಕೋವಿಯೊಡನೆ ಬದುಕುವವರು ಮನೆಯವರೆಲ್ಲರೂ.

ಅವನು ಕೇಳಿದನಂತೆ. ಅತ್ತಿಗೆ ಹೇಳಿದರಂತೆ: "ಎಷ್ಟೋ ವರ್ಷ ಅದನ್ನು ನಾನು ಕಾದದ್ದು ಸಾಕು ಮಗಾ. ಇನ್ನು ತೋಟವನ್ನು ನಾಯಿ ಕಾಯಲಿ." ಅವನು ಅರ್ಜಿ ಹಾಕಲಿಲ್ಲ. ಹೋದ ತಿಂಗಳು ನಾನು ಅಲ್ಲಿಗೆ ಹೋದಾಗ ಮಂಗಗಳು ತೆಂಗಿನ ಮರದಲ್ಲಿದ್ದವು. ಆ ನಷ್ಟ ನಿಜವಾದದ್ದೇ. ಅದನ್ನು ಲೆಕ್ಕಕ್ಕೆ ಹಿಡಿದೇ ಅವರು ತೀರ್ಮಾನಿಸಿದ್ದರು.