ಕಸಿದ ಬಂದರಿಗೆ ಹೋದ ಹಡಗಿಗೆ ಪ್ರವೇಶವಿಲ್ಲ

ಅಮೆರಿಕದ ಕಂಪನಿಯೊಂದು ಹೊರದೇಶದಲ್ಲಿ ಕಟ್ಟಿದ ಬಂದರನ್ನು ಅಲ್ಲಿನ ಸರ್ಕಾರ ಕಾನೂನುಬಾಹಿರವಾಗಿ ವಶಪಡಿಸಿಕೊಂಡರೆ, ಆ ಬಂದರನ್ನು ಬಳಸಿದ ಹಡಗುಗಳನ್ನು ಅಮೆರಿಕದ ಬಂದರುಗಳಿಗೆ ಬಿಟ್ಟುಕೊಳ್ಳಬಾರದು. ಇದು 2024ರಲ್ಲಿ ಅಮೆರಿಕ ಸಂಸತ್ತಿನಲ್ಲಿ ಮಂಡನೆಯಾದ ‘ಡಿಫೆಂಡಿಂಗ್ ಅಮೆರಿಕನ್ ಪ್ರಾಪರ್ಟಿ ಅಬ್ರಾಡ್ ಆ್ಯಕ್ಟ್’ ಎಂಬ ಮಸೂದೆಯ ತಿರುಳು. ಅಲಬಾಮಾದ ಸೆನೆಟರ್ ಕೇಟಿ ಬ್ರಿಟ್ ಮತ್ತು ಟೆನೆಸಿಯ ಸೆನೆಟರ್ ಬಿಲ್ ಹ್ಯಾಗರ್ಟಿ ಇದರ ಮುಂಚೂಣಿಯಲ್ಲಿದ್ದವರು. ಮಸೂದೆಯ ಮಾತು ಪಶ್ಚಿಮ ಗೋಳಾರ್ಧದ ವ್ಯಾಪಾರ ಪಾಲುದಾರ ದೇಶಗಳಿಗೆಲ್ಲ ಅನ್ವಯಿಸುವಂತಿದ್ದರೂ ಅದರ ಹಿಂದಿರುವುದು ಮೆಕ್ಸಿಕೊದ ಒಂದೇ ಒಂದು ಬಂದರಿನ ಜಗಳ.

ಆ ಬಂದರು ಪುಂತಾ ವೆನಾಡೊ. ಯುಕಟಾನ್ ಪರ್ಯಾಯದ್ವೀಪದ ಕೆರಿಬಿಯನ್ ಕರಾವಳಿಯಲ್ಲಿ, ಪ್ಲಾಯಾ ದೆಲ್ ಕಾರ್ಮೆನ್ ಎಂಬ ಪ್ರವಾಸಿ ಪಟ್ಟಣದ ದಕ್ಷಿಣಕ್ಕಿದೆ. ದೊಡ್ಡ ಹಡಗು ದಡಕ್ಕೆ ತಾಗಿ ನಿಲ್ಲುವಷ್ಟು ಆಳ ಆ ಕರಾವಳಿಯಲ್ಲಿ ಬೇರೆಲ್ಲೂ ಸುಲಭಕ್ಕೆ ಸಿಗದು. ಪಕ್ಕದಲ್ಲೇ ಸುಣ್ಣದಕಲ್ಲಿನ ಕ್ವಾರಿ. ಅಲಬಾಮಾದ ಬರ್ಮಿಂಗ್‌ಹ್ಯಾಮ್ ನಗರದ ವಲ್ಕನ್ ಮೆಟೀರಿಯಲ್ಸ್, ಜಲ್ಲಿಕಲ್ಲಿನ ಉದ್ಯಮದಲ್ಲಿ ಅಮೆರಿಕದಲ್ಲೇ ಮೊದಲ ಸ್ಥಾನದಲ್ಲಿರುವ ಕಂಪನಿ. ಅದು 1980ರ ದಶಕದಲ್ಲಿ ಮೆಕ್ಸಿಕೊದ ಕಂಪನಿಯೊಂದರ ಜೊತೆ ಸೇರಿ ಇಲ್ಲಿ ಕೆಲಸ ಶುರುಮಾಡಿತು. 2001ರಲ್ಲಿ ಪಾಲುದಾರರ ಪಾಲನ್ನೂ ಕೊಂಡಿತು. ಟೆಕ್ಸಾಸ್‌ನಿಂದ ಫ್ಲೋರಿಡಾವರೆಗಿನ ಗಲ್ಫ್ ಕರಾವಳಿಯಲ್ಲಿ ರಸ್ತೆ, ಕಟ್ಟಡಗಳಿಗೆ ಬೇಕಾದ ಗಟ್ಟಿ ಕಲ್ಲು ಕಡಿಮೆ. ಜಲ್ಲಿಯಂಥ ಅಗ್ಗದ, ಭಾರದ ಸರಕನ್ನು ದೂರದಿಂದ ಲಾರಿಯಲ್ಲಿ ತಂದರೆ ಕಲ್ಲಿಗಿಂತ ಸಾಗಣೆಯ ಖರ್ಚೇ ಹೆಚ್ಚು. ಪುಂತಾ ವೆನಾಡೊದಿಂದ ಹೊರಟ ಹಡಗುಗಳು ಹತ್ತಾರು ಸಾವಿರ ಟನ್ ಜಲ್ಲಿ ಹೊತ್ತು ಹೋಗಿ, ತಮ್ಮದೇ ಕನ್ವೇಯರ್ ಪಟ್ಟಿಯಿಂದ ಅದನ್ನು ದಡಕ್ಕೆ ಸುರಿಯುತ್ತಿದ್ದವು. ಕ್ವಾರಿಯ ಲಾಭವೆಲ್ಲ ನಿಂತಿದ್ದು ಬಂದರಿನ ಮೇಲೆ.

ಮೆಕ್ಸಿಕೊದ ಆಕ್ಷೇಪಕ್ಕೂ ಗಟ್ಟಿ ಕಾರಣವಿದೆ. ಯುಕಟಾನ್‌ನ ನೆಲ ತೂತುತೂತಾದ ಸುಣ್ಣದಕಲ್ಲು. ಮಳೆ ನೀರು ಹೊಳೆಯಾಗಿ ಹರಿಯುವ ಬದಲು ನೆಲದೊಳಗೆ ಇಳಿದುಹೋಗುತ್ತದೆ. ಜನರ ಕುಡಿಯುವ ನೀರಿನ ಆಸರೆ ಈ ಅಂತರ್ಜಲವೇ. ಕ್ವಾರಿಯನ್ನು ಅಂತರ್ಜಲದ ಮಟ್ಟಕ್ಕಿಂತ ಕೆಳಗೂ ತೋಡಿದ್ದರಿಂದ ಅಲ್ಲೀಗ ವಿಶಾಲವಾದ ಹೊಂಡಗಳು ನಿಂತಿವೆ. 2018ರ ಆರಂಭದಲ್ಲಿ ಪರಿಸರ ಅಧಿಕಾರಿಗಳು ಕ್ವಾರಿಯ ಒಂದು ಭಾಗವನ್ನು ಮುಚ್ಚಿಸಿದರು. ಎಲ್ಲ ಪರವಾನಗಿಯೂ ತನ್ನ ಬಳಿ ಇದೆ ಎಂದ ಕಂಪನಿ, ಅದೇ ವರ್ಷದ ಕೊನೆಗೆ ಉತ್ತರ ಅಮೆರಿಕದ ಮುಕ್ತ ವ್ಯಾಪಾರ ಒಪ್ಪಂದವಾದ ನಾಫ್ಟಾದಡಿ ಅಂತರರಾಷ್ಟ್ರೀಯ ಪಂಚಾಯ್ತಿಗೆ ಮೊರೆಹೋಯಿತು. 2022ರ ಮೇ ತಿಂಗಳಲ್ಲಿ ಉಳಿದ ಕೆಲಸವೂ ನಿಂತಿತು.

ಅಂದಿನ ಅಧ್ಯಕ್ಷ ಆಂದ್ರೆಸ್ ಮಾನ್ವೆಲ್ ಲೋಪೆಸ್ ಒಬ್ರಡೋರ್ ಆ ಜಾಗದಲ್ಲಿ ಪ್ರವಾಸಿ ಉದ್ಯಾನ ಮತ್ತು ಪ್ರವಾಸಿ ಹಡಗುಗಳ ನಿಲ್ದಾಣ ಬರಬೇಕೆಂದು ಬಯಸಿದರು. ಅವರು ಹೇಳಿದ ಬೆಲೆ ಸುಮಾರು 38 ಕೋಟಿ ಡಾಲರ್. ಕಂಪನಿಯ ಲೆಕ್ಕದಲ್ಲಿ ಆಸ್ತಿಯ ಮೌಲ್ಯ ಸುಮಾರು 190 ಕೋಟಿ ಡಾಲರ್. 2023ರ ಮಾರ್ಚ್ 14ರ ನಸುಕಿನಲ್ಲಿ ಪೊಲೀಸರು ಮತ್ತು ನೌಕಾಪಡೆಯ ಸಿಬ್ಬಂದಿ ವಾಹನಗಳಲ್ಲಿ ಬಂದು ಗೇಟಿನೊಳಗೆ ನುಗ್ಗಿದರು. ಮೆಕ್ಸಿಕೊದ ಸಿಮೆಂಟ್ ಕಂಪನಿ ಸೆಮೆಕ್ಸ್, ನ್ಯಾಯಾಲಯದ ಆದೇಶ ತನಗಿದೆ ಎಂದು ಹೇಳಿ ಅಲ್ಲಿ ಹಡಗಿನಿಂದ ಸರಕು ಇಳಿಸಿಕೊಂಡಿತು. ಭದ್ರತಾ ಕ್ಯಾಮೆರಾಗಳಲ್ಲಿ ಸೆರೆಯಾದ ಆ ದೃಶ್ಯಗಳು ಅಮೆರಿಕದಲ್ಲಿ ಸಿಟ್ಟೆಬ್ಬಿಸಿದವು. ಅಧಿಕಾರದಿಂದ ಇಳಿಯಲು ಒಂದು ವಾರವಿದೆ ಎನ್ನುವಾಗ, 2024ರ ಸೆಪ್ಟೆಂಬರಿನಲ್ಲಿ, ಅಧ್ಯಕ್ಷರು 50 ಸಾವಿರ ಹೆಕ್ಟೇರಿಗೂ ಮಿಕ್ಕಿದ ಸಂರಕ್ಷಿತ ಪ್ರದೇಶವನ್ನು ಘೋಷಿಸಿದರು. ಕಂಪನಿಯ ಸುಮಾರು 2,400 ಹೆಕ್ಟೇರ್ ಅದರೊಳಗೆ ಸೇರಿಹೋಯಿತು.

ವಿದೇಶಿಯರ ಆಸ್ತಿಯನ್ನು ಸಾರ್ವಜನಿಕ ಉದ್ದೇಶಕ್ಕೆ ವಶಪಡಿಸಿಕೊಳ್ಳುವ ಅಧಿಕಾರ ಯಾವ ಸ್ವತಂತ್ರ ದೇಶಕ್ಕೂ ಇದೆ. ತಕರಾರು ಇರುವುದು ಪರಿಹಾರದ ಬಗ್ಗೆ. ವಿಶೇಷವೆಂದರೆ, ಈ ಪರಿಹಾರದ ಸೂತ್ರವೂ ಮೆಕ್ಸಿಕೊ–ಅಮೆರಿಕ ಜಗಳದಲ್ಲೇ ಪ್ರಸಿದ್ಧವಾಯಿತು. 1938ರಲ್ಲಿ, ಮೆಕ್ಸಿಕೊ ಅಮೆರಿಕನ್ನರ ಕೃಷಿಭೂಮಿಯನ್ನು ವಶಪಡಿಸಿಕೊಂಡಿದ್ದರ ಬಗ್ಗೆ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಕಾರ್ಡೆಲ್ ಹಲ್ ಪತ್ರ ಬರೆದು, ಪರಿಹಾರ ಬೇಗ ಸಿಗಬೇಕು, ಸಾಕಷ್ಟಿರಬೇಕು, ಕೈಗೆ ದಕ್ಕುವಂತಿರಬೇಕು ಎಂದು ವಾದಿಸಿದರು. ಮೆಕ್ಸಿಕೊ ತನ್ನ ತೈಲ ಉದ್ಯಮವನ್ನು ರಾಷ್ಟ್ರೀಕರಣ ಮಾಡಿದ್ದೂ ಅದೇ ವರ್ಷ.

ಇನ್ನು ಹಡಗುಗಳನ್ನು ತಡೆಯುವ ಅಧಿಕಾರ. ತನ್ನ ಬಂದರಿಗೆ ಯಾರು ಬರಬಹುದು ಎಂಬುದನ್ನು ಕರಾವಳಿ ದೇಶ ತನ್ನ ಸಾರ್ವಭೌಮತೆಯ ಬಲದಿಂದಲೇ ನಿಯಂತ್ರಿಸಬಹುದೆಂದು ಅಂತರರಾಷ್ಟ್ರೀಯ ನ್ಯಾಯಾಲಯ 1986ರಲ್ಲಿ, ನಿಕರಾಗುವಾ ಪ್ರಕರಣದಲ್ಲಿ ಹೇಳಿತು. ಭಾರತವೂ ಈ ಅಧಿಕಾರ ಬಳಸಿದೆ: 2025ರ ಮೇ 2ರ ಆದೇಶ ಪಾಕಿಸ್ತಾನದ ಧ್ವಜದ ಹಡಗುಗಳಿಗೆ ನವಮಂಗಳೂರು ಸೇರಿ ದೇಶದ ಎಲ್ಲ ಬಂದರುಗಳನ್ನೂ ಮುಚ್ಚಿತು. ಆದರೆ ಅಲ್ಲಿ ನೋಡಿದ್ದು ಹಡಗಿನ ಧ್ವಜವನ್ನು. ಅಮೆರಿಕದ ಮಸೂದೆ ನೋಡುವುದು ಹಡಗು ಹಿಂದೆ ಎಲ್ಲಿಗೆ ಹೋಗಿತ್ತು ಎಂಬುದನ್ನು. ಧ್ವಜ ಯಾವ ದೇಶದ್ದೇ ಆಗಿರಲಿ, ಮಾಲೀಕ ಯಾರೇ ಇರಲಿ, ಆ ಒಂದು ಬಂದರನ್ನು ಬಳಸಿದರೆ ಸಾಕು.

ಇಂಥ ನಿಯಮಕ್ಕೆ ಅಮೆರಿಕದಲ್ಲಿ ಪೂರ್ವ ನಿದರ್ಶನಗಳಿವೆ. 1992ರ ಕ್ಯೂಬಾ ಡೆಮಾಕ್ರಸಿ ಆ್ಯಕ್ಟ್ ಪ್ರಕಾರ, ವ್ಯಾಪಾರಕ್ಕಾಗಿ ಕ್ಯೂಬಾಕ್ಕೆ ಹೋದ ಹಡಗು ಅಲ್ಲಿಂದ ಹೊರಟ ಮೇಲೆ 180 ದಿನ, ಲೈಸೆನ್ಸ್ ಇಲ್ಲದೆ ಅಮೆರಿಕದಲ್ಲಿ ಸರಕು ಹೇರುವಂತಿಲ್ಲ, ಇಳಿಸುವಂತಿಲ್ಲ. 2017ರ ಅಧ್ಯಕ್ಷೀಯ ಆದೇಶವೊಂದು ಉತ್ತರ ಕೊರಿಯಾಕ್ಕೆ ಹೋದ ವಿದೇಶಿ ಹಡಗುಗಳಿಗೂ ಅಷ್ಟೇ ಅವಧಿಯ ತಡೆ ಹಾಕಿತು. ಜಾರಿಯೂ ಕಷ್ಟವಲ್ಲ. ಅಮೆರಿಕಕ್ಕೆ ಬರುವ ಹಡಗು ಸಾಮಾನ್ಯವಾಗಿ 96 ಗಂಟೆ ಮೊದಲೇ ಕೋಸ್ಟ್ ಗಾರ್ಡ್‌ಗೆ ಮಾಹಿತಿ ಕಳಿಸಬೇಕು. ಹಿಂದೆ ಹೋಗಿಬಂದ ಐದು ಬಂದರುಗಳ ಹೆಸರನ್ನು ಅದರಲ್ಲಿ ಬರೆಯಲೇಬೇಕು.

ವಶಪಡಿಸಿಕೊಂಡ ಬಂದರನ್ನು ಬಳಸಿದವರು ಎಂಥ ತೊಡಕಿಗೆ ಸಿಕ್ಕಿಬೀಳಬಹುದು ಎಂಬುದನ್ನು ಹವಾನಾದ ಕಥೆ ತೋರಿಸುತ್ತದೆ. ಅಲ್ಲಿನ ಹಡಗುಕಟ್ಟೆಗಳನ್ನು ನಡೆಸುವ ಹಕ್ಕು ಹವಾನಾ ಡಾಕ್ಸ್ ಎಂಬ ಅಮೆರಿಕನ್ ಕಂಪನಿಯದಾಗಿತ್ತು. 1960ರಲ್ಲಿ ಫಿಡೆಲ್ ಕಾಸ್ಟ್ರೊ ಸರ್ಕಾರ ಅದನ್ನು ಕಸಿದುಕೊಂಡಿತು. ಹೀಗೆ ಕಸಿದ ಆಸ್ತಿಯನ್ನು ಬಳಸಿಕೊಂಡವರ ಮೇಲೆ ದಾವೆ ಹೂಡಲು ಅಮೆರಿಕದ 1996ರ ಹೆಲ್ಮ್ಸ್–ಬರ್ಟನ್ ಕಾಯ್ದೆ ಅವಕಾಶ ಕೊಟ್ಟಿತು. ಆದರೆ ಅಮೆರಿಕದ ಅಧ್ಯಕ್ಷರು ಅದನ್ನು ತಡೆಹಿಡಿಯುತ್ತಲೇ ಬಂದದ್ದರಿಂದ ಆ ಭಾಗ ಪೂರ್ತಿ ಜಾರಿಯಾದದ್ದು 2019ರ ಮೇ ತಿಂಗಳಲ್ಲಿ. ಅಷ್ಟರಲ್ಲಿ, ಒಬಾಮಾ ಸರ್ಕಾರ ನಿರ್ಬಂಧ ಸಡಿಲಿಸಿದ ಮೇಲೆ, ನಾಲ್ಕು ದೊಡ್ಡ ಪ್ರವಾಸಿ ಹಡಗು ಕಂಪನಿಗಳು ಆ ಕಟ್ಟೆಗಳನ್ನು ಬಳಸಿದ್ದವು. 2022ರಲ್ಲಿ ಫ್ಲೋರಿಡಾದ ನ್ಯಾಯಾಲಯ ಒಂದೊಂದು ಕಂಪನಿಯೂ 10 ಕೋಟಿ ಡಾಲರಿಗೂ ಹೆಚ್ಚು ಪರಿಹಾರ ಕೊಡಬೇಕೆಂದು ತೀರ್ಪಿತ್ತಿತು. ಹವಾನಾ ಡಾಕ್ಸ್‌ನ ಹಕ್ಕಿನ ಅವಧಿ 2004ಕ್ಕೇ ಮುಗಿಯುತ್ತಿತ್ತು ಎಂಬ ಕಾರಣಕ್ಕೆ ಮೇಲ್ಮನವಿ ನ್ಯಾಯಾಲಯ 2024ರಲ್ಲಿ ಅದನ್ನು ತಳ್ಳಿಹಾಕಿತು. 2025ರಲ್ಲಿ ಸುಪ್ರೀಂ ಕೋರ್ಟ್ ಪ್ರಕರಣವನ್ನು ಕೈಗೆತ್ತಿಕೊಂಡಿತು. ಸರ್ಕಾರದ ಅನುಮತಿಯಿಂದಲೇ ಹೋದವರಿಗೂ ಕೋರ್ಟು ತಪ್ಪಲಿಲ್ಲ.

ಪುಂತಾ ವೆನಾಡೊದಲ್ಲಿ ಅಮೆರಿಕದ ಮಸೂದೆಯ ಪರಿಣಾಮ ಊಹಿಸುವುದು ಕಷ್ಟವಲ್ಲ. ಕೆರಿಬಿಯನ್‌ನ ಪ್ರವಾಸಿ ಹಡಗುಗಳಲ್ಲಿ ಬಹುಪಾಲು ಹೊರಡುವುದು ಮಯಾಮಿ, ಗ್ಯಾಲ್ವೆಸ್ಟನ್‌ನಂಥ ಅಮೆರಿಕದ ಬಂದರುಗಳಿಂದ, ಮರಳುವುದೂ ಅಲ್ಲಿಗೇ. ಅಲ್ಲಿ ಪ್ರವೇಶ ತಪ್ಪುವುದಾದರೆ ಯಾವ ಕಂಪನಿಯೂ ಹೊಸ ನಿಲ್ದಾಣದ ಕಡೆ ತಲೆಹಾಕದು. ಬಂದರನ್ನು ಕಸಿದವರ ಕೈಯಲ್ಲಿ ಉಳಿಯುವುದು ಬರಿಯ ಕಾಂಕ್ರೀಟು ಕಟ್ಟೆ. ಮಸೂದೆಯ ಬಲವೂ ಇದೇ, ದೋಷವೂ ಇದೇ. ಜಗಳ ಒಂದು ಸರ್ಕಾರ ಮತ್ತು ಒಂದು ಕಂಪನಿಯ ನಡುವಿನದು. ಪೆಟ್ಟು ಬೀಳುವುದು ಮೂರನೆಯವರಾದ ಹಡಗು ಮಾಲೀಕರಿಗೆ ಮತ್ತು ಬಂದರನ್ನು ನಂಬಿದ ಸ್ಥಳೀಯ ಕಾರ್ಮಿಕರಿಗೆ. ಅಂತರ್ಜಲ ಕಾಪಾಡುವುದು ಮೆಕ್ಸಿಕೊದ ಹಕ್ಕು ಮಾತ್ರವಲ್ಲ, ಕರ್ತವ್ಯ. ಆ ಕರ್ತವ್ಯ ನೆರವೇರಿಸಲು ನಸುಕಿನಲ್ಲಿ ಗೇಟು ನುಗ್ಗುವ ಅಗತ್ಯವಿರಲಿಲ್ಲ. ಬೆಲೆಯನ್ನು ನಿಷ್ಪಕ್ಷಪಾತ ಪಂಚಾಯ್ತಿಗೆ ಬಿಟ್ಟು, ಪರಿಹಾರ ಕೊಟ್ಟು ಆಮೇಲೆ ಭೂಮಿ ಪಡೆಯುವುದೇ ಸರಿಯಾದ ದಾರಿ. ಆ ದಾರಿಯಲ್ಲಿ ನಡೆದ ದೇಶದ ವಿರುದ್ಧ ಹಡಗುಗಳನ್ನು ತಡೆಯುವ ಕಾನೂನಿಗೆ ಕಾರಣವೇ ಇರುವುದಿಲ್ಲ.